ಬೇಕೆಂದೇ ಹಾಕಿದ ನೆರಿಗೆ

ಭಾನುವಾರ ಬೆಳಿಗ್ಗೆ ಬಸದಿಗೆ ಹೋಗಿ ಬರುವಷ್ಟರಲ್ಲಿ ನನ್ನ ಒಂದು ತಿಂಗಳ ಕೆಲಸ ನೂಲಿನ ಉಂಡೆಗಳಾಗಿ ಜಗಲಿಯ ಬೆಂಚಿನ ಮೇಲೆ ಕೂತಿತ್ತು. ಪಕ್ಕದಲ್ಲಿ ಬಿಚ್ಚದೆ ಉಳಿಸಿದ ಎರಡೇ ಸಾಲಿನ ಚಪ್ಪಟೆ ಬಿಲ್ಲೆ. ಅದರ ಕೊನೆಯ ಕುಣಿಕೆಗೆ ಒಂದು ಪಿನ್ನು.

ಪಿನ್ನು ಕಂಡ ಕೂಡಲೇ ಯಾರ ಕೈಯೆಂದು ಗೊತ್ತಾಯಿತು. ಪಾಣೆಮಂಗಳೂರಿನ ನಮ್ಮ ಓಣಿಯಲ್ಲಿ ಕ್ರೋಶಾ ಕಡ್ಡಿ ಹಿಡಿಯುವ ಹೆಂಗಸರೆಲ್ಲ ಪಕ್ಕದ ಮನೆಯ ಅವ್ವಮ್ಮನಿಂದ ಕಲಿತವರು. ಅವರು ಹಾಕಿಕೊಟ್ಟ ಕ್ರಮವೊಂದಿದೆ. ಇನ್ನೊಬ್ಬಳ ಹೆಣಿಗೆಯಲ್ಲಿ ತಪ್ಪು ಕಂಡರೆ ನಾಲ್ಕು ಜನರೆದುರು ಹೇಳಬಾರದು. ತಪ್ಪು ಶುರುವಾದಲ್ಲಿಯವರೆಗೆ ಸುಮ್ಮನೆ ಬಿಚ್ಚಿ, ನೂಲು ಸುತ್ತಿ, ಪಿನ್ನು ಚುಚ್ಚಿಟ್ಟು ಹೋಗಬೇಕು. ಒಳ್ಳೆಯ ಕ್ರಮವೇ. ನಾನೂ ಹಲವರದ್ದು ಬಿಚ್ಚಿದ್ದೇನೆ.

ಆದರೆ ಇದರಲ್ಲಿ ತಪ್ಪಿರಲಿಲ್ಲ.

ನನ್ನ ಮಗಳು ಗ್ರೀಷ್ಮಾ ಗಣಿತದ ಟೀಚರು. ಪ್ರತಿ ಜೂನಿಗೆ ತಾತ್ಕಾಲಿಕವೆಂದು ಸೇರಿಸಿಕೊಳ್ಳುತ್ತಾರೆ, ಮಾರ್ಚಿಗೆ ಮನೆಗೆ ಕಳಿಸುತ್ತಾರೆ. ಸೋಮವಾರ ಮೂಡುಬಿದಿರೆಯ ಒಂದು ಶಾಲೆಯಲ್ಲಿ ಕಾಯಂ ಹುದ್ದೆಗೆ ಅವಳು ಪಾಠ ಮಾಡಿ ತೋರಿಸಬೇಕಿತ್ತು. ತ್ರಿಕೋನದ ಮೂರು ಕೋನ ಸೇರಿದರೆ ನೂರೆಂಬತ್ತು ಡಿಗ್ರಿ ಆಗುವುದು ಚಪ್ಪಟೆ ಕಾಗದದ ಮೇಲೆ ಮಾತ್ರ ಎಂದು ಮಕ್ಕಳಿಗೆ ಕೈಯಲ್ಲೇ ಕೊಟ್ಟು ತೋರಿಸಬೇಕೆಂದು ಅವಳ ಆಸೆ. ಅದಕ್ಕೆ ಒಂದು ಬಟ್ಟೆ ಬೇಕು: ಪ್ರತಿ ಐದು ಕುಣಿಕೆಗೆ ಒಂದು ಹೆಚ್ಚು, ಎಲ್ಲ ಸಾಲಿನಲ್ಲೂ. ಚಪ್ಪಟೆಯಾಗಿ ಮಲಗಲಿಕ್ಕೆ ಜಾಗ ಸಾಲದೆ ಬಟ್ಟೆ ಅಲೆಅಲೆಯಾಗಿ ಏಳುತ್ತದೆ. ಅದರ ಮೇಲೆ ತ್ರಿಕೋನ ಹೊಲಿದು ಅಳೆದರೆ ಕಡಿಮೆ ಬರುತ್ತದಂತೆ. ನನಗೆ ಅರ್ಥವಾದದ್ದು ಇಷ್ಟೇ, ಪ್ರತಿ ಸಾಲು ಹಿಂದಿನದಕ್ಕಿಂತ ಉದ್ದ, ಮತ್ತು ಮಣಿಕಟ್ಟು ನೋಯುತ್ತದೆ. ನನ್ನ ಗಂಡ ಧರ್ಮಪಾಲರು ನೋಡಿ, "ಕೋಳಿಜುಟ್ಟಿನ ಹೂವಿನ ಹಾಗೆ ಉಂಟು. ನೀರು ಹಾಕ್ತೀಯಾ ಇದಕ್ಕೆ?" ಎಂದು ಕೇಳಿದ್ದರು.

ಉಂಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವ್ವಮ್ಮನ ಮನೆಗೆ ನುಗ್ಗಿದೆ. ಗ್ರೀಷ್ಮಾ ಹಿಂದೆಯೇ ಬಂದಳು.

"ಬಿಚ್ಚಿದ್ದು ನೀವಾ?"

"ಹೌದು ಮಾರಾಯ್ತಿ," ಎಂದರು ಅವ್ವಮ್ಮ. "ಮೂರನೇ ಸಾಲಿನಿಂದಲೇ ಹೆಚ್ಚು ಹಾಕಿಕೊಂಡು ಹೋಗಿದ್ದೀ. ಅಷ್ಟು ದೊಡ್ಡದಾಗುವವರೆಗೆ ಕಾಣಲಿಲ್ಲವಾ? ಕಣ್ಣು ಒಮ್ಮೆ ತೋರಿಸು."

"ನನ್ನ ಕಣ್ಣು ಸರಿ ಉಂಟು. ನಿಮ್ಮ ಕೈಯನ್ನು ಕಟ್ಟಿ ಹಾಕಬೇಕು. ನೆರಿಗೆ ಬೇಕೆಂದೇ ಹಾಕಿದ್ದು ಅದು. ನಾಳೆ ಇವಳ ಕೆಲಸಕ್ಕೆ."

ಅವರು ಗ್ರೀಷ್ಮಾಳ ಮುಖ ನೋಡಿದರು. "ನನಗೆ ಒಂದು ಮಾತು ಹೇಳಬಾರದಿತ್ತಾ?"

"ಬಿಚ್ಚುವ ಮೊದಲು ನೀವು ಕೇಳಬಾರದಿತ್ತಾ?" ಎಂದೆ ನಾನು.

ಅವ್ವಮ್ಮ ಕನ್ನಡಕ ಹಾಕಿಕೊಂಡು ಕೈ ಚಾಚಿದರು. "ಕಡ್ಡಿ ಕೊಡು. ನಿನಗಿಂತ ಬೇಗ ಆಗ್ತದೆ."

ಬೇಗ ಆಯಿತು, ಸುಳ್ಳಲ್ಲ. ಆದರೆ ನೋಡಿದರೆ ತಟ್ಟೆಯ ಹಾಗೆ ಚಪ್ಪಟೆ. ಇನ್ನೊಮ್ಮೆ ಹಾಕಿದರು, ಅದೂ ಚಪ್ಪಟೆ. ಬಾಯಿ ಎಣಿಸುತ್ತಿತ್ತು, ಹೆಚ್ಚಿನ ಕುಣಿಕೆ ಬಂದಾಗ ಬೆರಳು ದಾಟಿ ಹೋಗುತ್ತಿತ್ತು.

"ಕೈ ಕೇಳುವುದಿಲ್ಲ ಮನೋರಮಾ," ಎಂದರು. "ತಪ್ಪು ಹಾಕಲಿಕ್ಕೆ ಅದಕ್ಕೆ ಬರುವುದಿಲ್ಲ."

ನಾನು ಕಡ್ಡಿ ಕಿತ್ತುಕೊಂಡೆ.

"ಐದಕ್ಕೊಂದು ಬೇಡ ಅಮ್ಮ," ಎಂದಳು ಗ್ರೀಷ್ಮಾ. "ಎರಡಕ್ಕೊಂದು ಹಾಕು. ಚಿಕ್ಕದಾದರೂ ಬೇಗ ಏಳ್ತದೆ."

ಅಲ್ಲೇ ಕೂತೆ. ಅವ್ವಮ್ಮ ಎದುರು ಕೂತು ಎಣಿಸಿದರು. ಒಂದು, ಎರಡು, ಅಲ್ಲಿಗೇ ಇನ್ನೊಂದು. ಆ ಇನ್ನೊಂದು ಹೇಳುವಾಗಲೆಲ್ಲ ಕಷಾಯ ಕುಡಿದವರ ಹಾಗೆ ಮುಖ ಮಾಡುತ್ತಿದ್ದರು. ನಮಾಜಿಗೆ ಎದ್ದು ಹೋಗಿ ಮತ್ತೆ ಬಂದು ಎಣಿಸಿದರು. ಸಾಲು ಮುಗಿಯುತ್ತಿರಲಿಲ್ಲ.

"ಹೊತ್ತು ಮುಳುಗಿತು," ಎಂದರು ಕೊನೆಗೆ. "ನೀನು ಉಣ್ಣಲಿಲ್ಲ."

ಕತ್ತಲಾದ ಮೇಲೆ ನಾವು ಜೈನರು ಉಣ್ಣುವುದಿಲ್ಲ. ಅದು ಅವರಿಗೂ ಗೊತ್ತು.

"ಎಣಿಸಿ," ಎಂದೆ.

ಕೊನೆಯ ಗಂಟು ಹಾಕುವಾಗ ಅದು ತೆಂಗಿನಕಾಯಿಯಷ್ಟು ದೊಡ್ಡ ನೆರಿಗೆಯ ಮುದ್ದೆ. ಗ್ರೀಷ್ಮಾ ನೇರ ಗೆರೆ ಸಿಗಲೆಂದು ಅದನ್ನು ಮೂರು ಕಡೆ ಮಡಚಿ, ಮಡಿಕೆಯ ಗೆರೆಗಳ ಮೇಲೆ ಬಿಳಿ ದಾರದಲ್ಲಿ ತ್ರಿಕೋನ ಹೊಲಿದಳು. ನೆರಿಗೆ ಬಿಗಿಯಾಗಿ ಮಡಿಕೆ ಸರಿ ಕೂರಲಿಲ್ಲ.

"ಆಗ್ತದೆ," ಎಂದಳು. ಆಗದಿದ್ದಾಗಲೂ ಅವಳು ಹಾಗೆಯೇ ಹೇಳುವುದು.

ಸೋಮವಾರ ಸಂಜೆ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಬಂದಿಳಿದಳು. ಜಗಲಿಯಲ್ಲಿ ಕೂತು ನೀರು ಕುಡಿದಳು.

"ಬೇರೆಯವರಿಗೆ ಆಯಿತು ಅಮ್ಮ. ಅವರಿಗೆ ನನಗಿಂತ ಹೆಚ್ಚು ಅನುಭವ ಉಂಟು."

"ಅದೆಲ್ಲಿ? ನಾನು ಮಾಡಿದ್ದು?"

"ಶಾಲೆಯಲ್ಲೇ ಉಂಟು. ಇಟ್ಟುಕೊಳ್ತೇವೆ ಎಂದರು."

"ಚೆಂದ ಉಂಟು. ಕೆಲಸ ಇನ್ನೊಬ್ಬರಿಗೆ, ಹೆಣಿಗೆ ಶಾಲೆಗೆ." ಚಪ್ಪಲಿ ಮೆಟ್ಟಿದೆ. "ಇನ್ನೂ ಬಸ್ಸು ಉಂಟು. ಹೋಗಿ ತರ್ತೇನೆ."

ಬೇಲಿಯಾಚೆಯಿಂದ ಅವ್ವಮ್ಮ ಕೇಳಿಸಿಕೊಂಡಿದ್ದರು. "ನಿಲ್ಲು, ನಾನೂ ಬರ್ತೇನೆ. ನೀನೊಬ್ಬಳೇ ಹೋದರೆ ಜಗಳ ಆಗ್ತದೆ." ಬುರ್ಖಾದ ಒಂದೇ ತೋಳು ಹಾಕಿಕೊಂಡು ಬಂದೇಬಿಟ್ಟರು.

"ಬೇಡ," ಎಂದಳು ಗ್ರೀಷ್ಮಾ. "ಒಂದು ಹುಡುಗಿ ಕೋನಮಾಪಕ ಹಿಡಿದು ಅಳೆದದ್ದೇ ಅಳೆದದ್ದು. ಕಡಿಮೆ ಬಂದಾಗ ತಾನು ತಪ್ಪಿದೆ ಎಂದುಕೊಂಡು ಮತ್ತೆ ಅಳೆದಳು. ಆಮೇಲೆ ಅವಳಿಗೆ ನಗು ಬಂತು. ಗಂಟೆ ಹೊಡೆದರೂ ಕೆಳಗಿಡಲಿಲ್ಲ. ಅವಳ ಕೈಯಿಂದ ಹೇಗೆ ಕಿತ್ತುಕೊಳ್ಳುವುದು?"

ನಾನು ಚಪ್ಪಲಿ ಕಳಚಿ ಬದಿಗಿಟ್ಟೆ.

"ಬೆಳ್ತಂಗಡಿಯಲ್ಲಿ ಇನ್ನೊಂದು ಜಾಗ ಖಾಲಿ ಉಂಟಂತೆ," ಎಂದಳು ಅವಳು, ನನ್ನ ಕಡೆ ನೋಡದೆ.

ನಾನು ಮಣಿಕಟ್ಟು ಉಜ್ಜಿಕೊಂಡೆ.

"ಈ ಸಲ ಬಣ್ಣ ಯಾವುದು?" ಎಂದು ಬೆಂಚಿನಲ್ಲಿ ಗ್ರೀಷ್ಮಾಳ ಪಕ್ಕ ಕೂರುತ್ತಾ ಕೇಳಿದರು ಅವ್ವಮ್ಮ.

"ಯಾವುದಾದರೂ ಸರಿ," ಎಂದೆ. "ಸ್ವಲ್ಪ ಆಚೆ ಸರಿಯಿರಿ. ನನಗೆ ಕೂರಬೇಕು."