ಟೆರೆನ್ಸನ ದನಿ

ಅರಬರ ನಾಡಿನ ಮಬೇಲಾದಲ್ಲಿ, ಟ್ಯಾಂಕು ತಯಾರಿಸುವ ನಮ್ಮ ಯಾರ್ಡಿನಲ್ಲಿ ಟೆರೆನ್ಸನ ಹಾಗೆ ಮಾತಾಡಲು ಬರುತ್ತಿದ್ದದ್ದು ಇಬ್ಬರಿಗೆ. ಒಬ್ಬ ಟೆರೆನ್ಸ್, ಇನ್ನೊಬ್ಬ ಶಿರ್ವದ ಫ್ರೆಡ್ಡಿ, ಅಂದರೆ ಆಫೀಸಿನ ಗುಮಾಸ್ತನಾದ ನಾನು.

ಟೆರೆನ್ಸ್ ನಮ್ಮ ಸೇಫ್ಟಿ ಆಫೀಸರ್, ಬರ್ಮಿಂಗ್‌ಹ್ಯಾಮಿನವನು. ಬಿಳಿಯರೆಲ್ಲ ಟಿವಿಯಲ್ಲಿ ವಾರ್ತೆ ಓದುವವರಂತೆ ಮಾತಾಡುತ್ತಾರೆ ಎಂದುಕೊಂಡಿದ್ದ ನಮಗೆ ಇವನನ್ನು ಕೇಳಿ ಮೋಸಹೋದಂತಾಯಿತು. ಮೂಗಿನಿಂದ ಹೊರಟು ವಾಕ್ಯದ ಕೊನೆಗೆ ಸೋತು ಕುಸಿಯುವ ದನಿ. ಊಟವಾಯಿತು ಎಂದರೂ ಯಾರೋ ಸತ್ತ ಸುದ್ದಿಯಂತೆ ಕೇಳುತ್ತಿತ್ತು. ಹೆಡ್ ಆಫೀಸಿನ ಲಂಡನ್ನಿನವರೇ ಅವನ ಬೆನ್ನ ಹಿಂದೆ ಮುಸಿಮುಸಿ ನಗುತ್ತಿದ್ದರು. ಕಾನ್ವೆಂಟಿನ ಬೆತ್ತದಡಿ ಇಂಗ್ಲಿಷ್ ಕಲಿತ ನನಗಂತೂ, ಅವನದಕ್ಕಿಂತ ನನ್ನದೇ ಅಪ್ಪಟ ಎಂಬ ಕೊಬ್ಬು.

ವಾಕಿಟಾಕಿಯಲ್ಲಿ ಅವನನ್ನು ಅಣಕಿಸತೊಡಗಿದೆ. "ಕೆಲಸ ನಿಲ್ಲಿಸಿ, ಎಲ್ಲರೂ ಹೊರಗೆ ಬನ್ನಿ" ಎಂದು ಅವನದೇ ಇಂಗ್ಲಿಷಿನಲ್ಲಿ ರಾಗ ಎಳೆದರೆ ಶೆಡ್ಡಿನ ಹತ್ತು ಜನ ಓಡಿಬಂದು, ನನ್ನನ್ನು ಬೈದು, ನಕ್ಕು ಒಳಗೆ ಹೋಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಗದಗಿನ ಟೆಕ್ನಿಷಿಯನ್ ಸುಭಾಸ. ಯಾರ್ಡಿನಲ್ಲಿ ಕನ್ನಡದವರು ನಾವಿಬ್ಬರೇ.

"ಅಣ್ಣಾರ, ಇನ್ನೊಮ್ಮೆ ಮಾಡ್ರಿ, ಥೇಟ್ ಅಂವನಂಗ."

"ಸಾಕು ಮಾರಾಯ, ಅವನ ಕಿವಿಗೆ ಬಿದ್ರೆ ನನ್ನ ಕತೆ ಖಲಾಸ್."

ಏಪ್ರಿಲಿನ ಒಂದು ಬೆಳಿಗ್ಗೆ ಸುಭಾಸ ಹೊಸದಾಗಿ ಬಣ್ಣ ಬಳಿದ ಟ್ಯಾಂಕಿನೊಳಗೆ ಇಳಿಯಲು ಹೊರಟಿದ್ದ. ಗೇಟಿನ ಹತ್ತಿರವಿದ್ದ ಟೆರೆನ್ಸ್ ಗಾಳಿ ಪರೀಕ್ಷೆಯ ಚೀಟಿ ನೋಡಿ ರೇಡಿಯೊದಲ್ಲಿ ಕೂಗಿದ: ಯಾರೂ ಇಳಿಯಬೇಡಿ, ಒಳಗೆ ವಿಷಗಾಳಿ ಇದೆ.

ಸುಭಾಸನ ಉತ್ತರ ಕನ್ನಡದಲ್ಲಿ ಬಂತು. "ಸಾಕ್ ಬಿಡ್ರೀ ಅಣ್ಣಾರ, ಮುಂಜಾನಿ ಮುಂಜಾನಿ ನಗಸಬ್ಯಾಡ್ರಿ. ಇಳ್ಯಾಕತ್ತೀನಿ."

ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದ ನಾನು ಮೊದಲು ನಕ್ಕೆ. ಆಮೇಲೆ ಹೊಳೆಯಿತು, ಅವನು ಟೆರೆನ್ಸನನ್ನು ನಾನೆಂದು ತಿಳಿದಿದ್ದ. ರೇಡಿಯೊದ ಗುಂಡಿ ಒತ್ತಿದರೆ ಟೆರೆನ್ಸ್ ಇನ್ನೂ ಕೂಗುತ್ತಲೇ ಇದ್ದ. ನನ್ನ ಮಾತಿಗೆ ಎಡೆಯೇ ಇರಲಿಲ್ಲ. ನಾನು ಓಡಿ ಮುಟ್ಟುವಾಗ ಟೆರೆನ್ಸ್ ತಾನೇ ಇಳಿದು ಸುಭಾಸನನ್ನು ಮೇಲಕ್ಕೆ ಎಳೆದು ತಂದಿದ್ದ. ಟೆರೆನ್ಸ್ ಮರಳಿನ ಮೇಲೆ ವಾಂತಿ ಮಾಡುತ್ತಿದ್ದ. ಸುಭಾಸ ಸತ್ತುಹೋಗಿದ್ದ.

ವಿಚಾರಣೆ ನಡೆಸಿದವರು ಕಂಪನಿಯ ಬಾಸಿಲ್ ಸಾಹೇಬರು. ರೇಡಿಯೊದ ರೆಕಾರ್ಡಿಂಗ್ ಹಾಕಿ, "ಕೊನೆಗೆ ಅವನು ಏನಂದ, ಫ್ರೆಡ್ಡಿ?" ಎಂದು ಕೇಳಿದರು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಮಗಳು ಓಲಿವಿಯಾ ಇಲ್ಲೇ ಸೀಬ್ ಪಟ್ಟಣದ ಶಾಲೆಯಲ್ಲಿ ಹತ್ತನೇ ತರಗತಿ. ಶೆಡ್ಡಿನ ಹತ್ತು ಜನರೂ ನೆಲ ನೋಡುತ್ತಿದ್ದರು. ನನ್ನ ಜೊತೆ ನಕ್ಕವರೇ ಅಲ್ಲವೇ.

"'ನೀವು ಹೇಳುವುದು ಅರ್ಥವಾಗುತ್ತಿಲ್ಲ' ಅಂದ, ಸರ್."

ಯಾರಿಗೂ ಆಶ್ಚರ್ಯವಾಗಲಿಲ್ಲ. ಅಂಥ ಇಂಗ್ಲಿಷ್ ಯಾರಿಗೆ ಅರ್ಥವಾಗುತ್ತದೆ ಎಂದು ಹೆಡ್ ಆಫೀಸಿನವರು ಬರೆದುಕೊಂಡರು. ನನಗೆ ಸಹಿಸಲಾಗದ್ದು ಟೆರೆನ್ಸ್ ಕೂಡ ಅದನ್ನು ನಂಬಿದ್ದು. ಚಿಕ್ಕಂದಿನಿಂದ ಎಲ್ಲರೂ ಹಾಗೇ ಹೇಳಿದ್ದಾರೆ ಎಂದ.

ಕೆಲಸದಿಂದ ತೆಗೆದ ದಿನ ಅವನು ನನ್ನ ಮೇಜಿನ ಬಳಿ ಬಂದ. ಒಂದೊಂದೇ ಶಬ್ದ ಬಿಡಿಸಿ, ಬೆವರುತ್ತಾ, ವಾರ್ತೆ ಓದುವವರಂತೆ ಮಾತಾಡಿದ. "ಸುಭಾಸನ ಹೆಂಡತಿಗೆ ಹೇಳು. ತಪ್ಪು ನನ್ನದು. ಈಗ ಅರ್ಥವಾಯಿತೇ?"

"ಆಯಿತು" ಎಂದೆ. ನಾಚಿಕೆಗೆಟ್ಟವನು ನಾನು.

ಸಂಜೆ ಗದಗಿಗೆ ಫೋನ್ ಮಾಡಿ ಸುಭಾಸನ ಹೆಂಡತಿ ನೇತ್ರಾಳಿಗೆ, ತಪ್ಪು ಟೆರೆನ್ಸನದು, ಅವನ ಮಾತು ಸುಭಾಸನಿಗೆ ತಿಳಿಯಲಿಲ್ಲ ಎಂದು ಹೇಳಿದೆ. ಆಕೆ ಅಲ್ಲಿ ಹೈಸ್ಕೂಲ್ ಟೀಚರ್. ಕೇಳಿಸಿಕೊಂಡು ಹೇಳಿದಳು:

"ಅಣ್ಣಾರ, ನೀವು ಆ ಸಾಹೇಬನಂಗ ಮಾತಾಡ್ತೀರಿ ಅಂತ ಹೇಳಿ ನಮ್ಮವರು ಭಾಳ ನಗ್ತಿದ್ರು. ಅಂವ ಅವತ್ತು ಅಂದದ್ದನ್ನ ಒಮ್ಮೆ ಅಂದು ತೋರಸ್ರಿ. ಎಷ್ಟು ತಿಳೀದಂಗಿತ್ತು ಅಂತ ನಾನೂ ಕೇಳ್ತೀನಿ."

ಇಲ್ಲವೆನ್ನಲು ಬಾಯಿ ಬರಲಿಲ್ಲ. ಟೆರೆನ್ಸನ ದನಿಯಲ್ಲಿ, ಅವನ ಇಂಗ್ಲಿಷಿನಲ್ಲಿ, ಯಾರೂ ಇಳಿಯಬೇಡಿ, ಒಳಗೆ ವಿಷಗಾಳಿ ಇದೆ ಎಂದೆ.



"ಎಲ್ಲಾ ತಿಳೀತಲ್ರಿ ಅಣ್ಣಾರ" ಎಂದಳು. "ನನಗ ತಿಳಿದದ್ದು ಅವರಿಗ್ಯಾಕ ತಿಳೀಲಿಲ್ಲ?"