ಗ್ಯಾನಮ್ಮನ ಕೈ ಕಲಿಸಿದ್ದು

ನನ್ನ ಪಿಎಚ್‌ಡಿ ಭತ್ತದ ಗದ್ದೆಯಲ್ಲಿ ಕಳೆ ಕೀಳುವ ರೋಬೋಟಿನ ಮೇಲೆ. ಲಿಂಗಸುಗೂರಿನ ನಾಹಿದಾ ರೋಬೋಟು ಮಾಡುತ್ತಾಳಂತೆ ಎಂದು ಡಿಪಾರ್ಟ್‌ಮೆಂಟಿನಲ್ಲಿ ಮುಸಿಮುಸಿ ನಗುತ್ತಿದ್ದರು. ನಗಲಿ ಎಂದು ಜವಳಗೇರಾ ಊರಿಗೆ ಹೋಗಿ ಕಳೆ ಕೀಳುವ ಗ್ಯಾನಮ್ಮನ ಕೈಗೆ ಸೆನ್ಸರಿನ ಗ್ಲೌಸು ತೊಡಿಸಿದೆ. ಹದಿನಾಲ್ಕು ಹೆಣ್ಣಾಳುಗಳ ಗುಂಪಿಗೆ ಅವಳೇ ಮುಂದಾಳು. ಅವಳು ಕಿತ್ತ ಹಾಗೆಯೇ ಯಂತ್ರ ಕೀಳುವುದನ್ನು ಕಲಿಯಬೇಕು.

"ಮಷೀನು ಬಂದ್ರ ನಮ್ಮ ಹೊಟ್ಟಿ ಗತಿ ಏನ ಯವ್ವಾ?" ಎಂದು ಕೇಳಿದಳು.

"ಇದು ಓದಿನ ಸಲುವಾಗಿ ಅಷ್ಟ ಯಕ್ಕಾ," ಎಂದೆ. ನಂಬಿದಳು. ಮಧ್ಯಾಹ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ನನಗೂ ಕೊಟ್ಟಳು.

ಯಂತ್ರವೇನೋ ಕಲಿಯಿತು. ಆದರೆ ಅದು ಓಡಾಡಿದ ಗದ್ದೆಯಲ್ಲಿ ಹದಿನೈದೇ ದಿನಕ್ಕೆ ಹುಲ್ಲು ಮತ್ತೆ ಚಿಗುರಿತು. ಕಾರಣ ಹೇಳು, ಇಲ್ಲದಿದ್ದರೆ ಬೇರೆ ಗೈಡು ಹುಡುಕಿಕೋ ಎಂದು ನನ್ನ ಗೈಡು ಉರಿದುಬಿದ್ದರು. ವಾರವಿಡೀ ಗ್ಲೌಸಿನ ದಾಖಲೆ ಜಾಲಾಡಿದೆ. ಸಿಕ್ಕಿತು. ಗ್ಯಾನಮ್ಮ ನಾಲ್ಕು ಬುಡ ಬೇರುಸಹಿತ ಕಿತ್ತಿದ್ದಾಳೆ, ಐದನೆಯದರ ಗರಿ ಮಾತ್ರ ಹರಿದಿದ್ದಾಳೆ. ಬೇರು ಉಳಿದರೆ ತಾನೇ ಎರಡನೇ ಸಲ ಕಳೆ ಕೀಳುವ ಕೂಲಿ ಸಿಗುವುದು? ಯಂತ್ರ ಪಾಪ, ಆ ಕಳ್ಳಾಟವನ್ನೂ ಚಾಚೂತಪ್ಪದೆ ಕಲಿತಿತ್ತು.

ತಪ್ಪು ನನ್ನದೇ ಎನ್ನಬಹುದಿತ್ತು. ನನ್ನ ನಾಲ್ಕು ವರ್ಷದ ಓದು ಮಣ್ಣುಪಾಲಾಗುತ್ತಿತ್ತು, ಅಷ್ಟೆ. ಅನ್ನಲಿಲ್ಲ. ಗದ್ದೆಯ ಬದುವಿನ ಮೇಲೆ ಗೈಡಿಗೂ ಮಾಲೀಕ ಸಿದ್ದರಾಮೇಶಗೌಡರಿಗೂ ಲ್ಯಾಪ್‌ಟಾಪ್ ತೆರೆದು ಎಲ್ಲ ತೋರಿಸಿದೆ. ಗೈಡು ಶಹಬ್ಬಾಸ್ ಎಂದರು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಗೌಡರು ಗದ್ದೆಯಲ್ಲಿ ಬಗ್ಗಿದ್ದವಳನ್ನು ಕರೆದು ನಗುತ್ತಲೇ ಹೇಳಿದರು: "ಗ್ಯಾನವ್ವ, ನಾಳಿಯಿಂದ ನೀ ಬರಬ್ಯಾಡ."

ಆ ಉಪಾಯ ಎಲ್ಲ ಹೆಂಗಸರಿಗೂ ಗೊತ್ತಿದ್ದದ್ದೇ, ಎಲ್ಲರೂ ಮಾಡುವುದೇ. ಗುಟ್ಟು ಹೊರಗೆ ಹಾಕಿದ್ದು ಇವಳ ಕೈ ಎಂದು ಗುಂಪೂ ಅವಳನ್ನು ಬಿಟ್ಟಿತು.

ನನಗೆ ಮಾತ್ರ ಸರಿಯಾಗಿ ಕೀಳುವ ಕೈ ಇನ್ನೂ ಬೇಕಿತ್ತು. ಗ್ಲೌಸು ತೊಡಲು ಊರಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ಬಂದವಳು ಗ್ಯಾನಮ್ಮ. ಅವಳನ್ನು ಬೇರೆ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಅತ್ತಾಳು, ಕೆಲಸ ನಿಂತೀತು ಎಂಬ ಹೆದರಿಕೆ. ನಾನು ಗೊತ್ತುಮಾಡಿದ ಬೇರೊಂದು ಗದ್ದೆಯಲ್ಲಿ ಮೂರು ದಿನ ತಲೆ ಎತ್ತದೆ ಕಿತ್ತಳು. ಒಂದು ಬೇರೂ ಉಳಿಸಲಿಲ್ಲ.

ಮೂರನೇ ದಿನ ಸಂಜೆ ಕಾಲುವೆಯಲ್ಲಿ ಕೆಸರು ತೊಳೆದುಕೊಂಡು ಬಂದು ಕೇಳಿದಳು: "ನಾಳಿ ಬರ್ಲೇನ ಯವ್ವಾ?"

"ಬ್ಯಾಡ ಯಕ್ಕಾ," ಎಂದೆ. "ಅದು ಕಲ್ತೈತಿ."