ಮನೋಹರನ ಮಕ್ಕಳು

"ಎತ್ತಬ್ಯಾಡ್ರಪ್ಪಾ, ಕೆಳಗಿಡ್ರಿ!" ಎಂದು ಸುಬ್ಬಮ್ಮ ಓಡಿ ಬಂದು ಚಟ್ಟದ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟಳು. ಹೆಗಲು ಕೊಡಲು ಬಗ್ಗಿದ್ದವರು ಬಗ್ಗಿದಂತೆಯೇ ನಿಂತರು. ಚಟ್ಟದ ಮೇಲೆ ಅವಳ ತಮ್ಮ ಮನೋಹರ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಿನ್ನೆ ಹಾಸನದ ಬಾಡಿಗೆ ಕೋಣೆಯಲ್ಲಿ ಮಲಗಿದಲ್ಲೇ ಜೀವ ಹೋಗಿತ್ತು. ಹೆಂಡತಿಯಿಲ್ಲ, ಮಕ್ಕಳಿಲ್ಲ. ಎದೆ ಬಡಿದುಕೊಂಡು ಅಳುವವರೆಂದರೆ ಹಳೇಕೋಟೆಯ ಈ ಅಕ್ಕ ಒಬ್ಬಳೇ. ಅವಳೂ ಈಗ ಅಳುವುದು ಬಿಟ್ಟು ಜಗಳಕ್ಕೆ ನಿಂತಿದ್ದಳು.

"ಇದೇನವ್ವ ನಿಂದು, ಎತ್ತಕ್ಕೋದಾಗೆಲ್ಲ ಇದೇ ಆಯ್ತಲ್ಲ," ದಾಯಾದಿ ಪಾಪಯ್ಯ ಹೆಗಲ ಟವೆಲ್ಲು ಕೊಡವಿದ. ಕೇರಿಯಲ್ಲಿ ಮದುವೆಗೂ ಮಣ್ಣಿಗೂ ಬುದ್ಧನ ತ್ರಿಶರಣ ಹೇಳಿಸುವ ಹಿರಿಯ ಅವನೇ. "ಒತ್ತು ಮುಳುಗ್ತಾ ಬಂತು. ಗುಂಡಿ ತೋಡ್ದೋರು ಅಲ್ಲೇ ಕುಂತವ್ರೆ. ಯಾರ್ಗೆ ಅಂತ ಕಾಯದು?"

"ಅವನ ಮಕ್ಕಳು ಬರ್ಬೇಕು."

"ಮಕ್ಕಳಾ? ಇವನಿಗೆಲ್ಲಿ ಮಕ್ಕಳವ್ವ?"

"ಕಲಿಸಿದ ಮಕ್ಕಳು ಕಣಣ್ಣ. ಒಬ್ಬರಾದ್ರೂ ಬಂದು ಮಕ ನೋಡ್ಲಿ. ಆಮೇಲೆ ಎತ್ಕೊಂಡೋಗು, ನಾನು ಬ್ಯಾಡ ಅನ್ನಕಿಲ್ಲ."

ಮನೋಹರ ಏನು ಕಲಿಸುತ್ತಿದ್ದ ಎಂಬುದು ಊರಲ್ಲಿ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಏರೋಪ್ಲೇನ್ ಓಡಿಸ್ತಾನೆ ಅನ್ನುತ್ತಿದ್ದರು, ಅಷ್ಟೇ. ಹೆಣದ ಜೊತೆ ಆಂಬುಲೆನ್ಸಿನಲ್ಲಿ ಬಂದಿದ್ದ ನಾಗೇಶ್ ಗ್ಲೈಡರ್ ಮೈದಾನದಲ್ಲಿ ಅವನ ಜೊತೆ ಕೆಲಸ ಮಾಡಿದವನು. ಅವನೇ ಪಾಪಯ್ಯನಿಗೆ ಬಿಡಿಸಿ ಹೇಳಿದ.

"ಎಂಜಿನ್ ಇಲ್ಲದ ವಿಮಾನ ಕಣಣ್ಣ ಅದು. ಗಾಳಿ ಎಲ್ಲಿ ಮೇಲಕ್ಕೆ ಏಳ್ತದೋ ಅಲ್ಲಿ ಸುತ್ತುತಾ ಏರೋದು, ಹದ್ದು ಏರ್ತವಲ್ಲ ಹಂಗೆ. ಎಲ್ಲಾರ್ಗೂ ಅದೇ ಗಾಳಿ ಬೇಕು, ಒಂದೇ ಕಡೆ ಸೇರ್ಕೋತಾರೆ. ಆಗ ಒಬ್ರಿಗೊಬ್ರು ತಾಗದಂಗೆ ಹೆಂಗೆ ಹಾರಬೇಕು, ಅದನ್ನ ಕಲಿಸೋದ್ರಲ್ಲಿ ಮನೋಹರ್ ಸಾರ್ ಬಿಟ್ರೆ ಇನ್ನೊಬ್ರಿಲ್ಲ."

"ಇಷ್ಟೆಲ್ಲ ಕಲಿಸವ್ನೆ ಅಂತೀಯ. ಎಲ್ಲವ್ರೆ ಕಲ್ತೋರೆಲ್ಲ?"

ನಾಗೇಶ್ ಪೆಚ್ಚಾಗಿ ಮೊಬೈಲು ನೋಡಿದ. ಸುದ್ದಿಯನ್ನು ಬೆಳಿಗ್ಗೆಯೇ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಪರದೆಯ ತುಂಬ ಮುಗಿದ ಕೈಗಳು, ಸಾಲು ಸಾಲು. ಒಬ್ಬ ದೆಹಲಿಯಲ್ಲಿ, ಒಬ್ಬ ಡ್ಯೂಟಿಯಲ್ಲಿ, ಒಬ್ಬನಿಗೆ ಮಗುವಿನ ಹುಟ್ಟುಹಬ್ಬ.

"ಏನಂತವ್ರೆ?" ಸುಬ್ಬಮ್ಮ ಇಣುಕಿದಳು.

"ಎಲ್ಲಾ ಕೈ ಮುಗ್ದವ್ರೆ ಅಕ್ಕ."

"ಅಲ್ಲಿಂದಲೇ ಮುಗುದ್ರೆ ಇಲ್ಲಿ ಮಣ್ಣು ಯಾರು ಹಾಕ್ತಾರೆ?" ಅಂದವಳು ತಟಕ್ಕನೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಿಂದೊಮ್ಮೆ ಮಣ್ಣಿನ ಮಾತನ್ನು ಮೊದಲು ಆಡಿದವಳು ಅವಳೇ ಅಲ್ಲವೇ!

*

ಎಷ್ಟೋ ವರ್ಷಗಳ ಹಿಂದೆ ಸುಬ್ಬಮ್ಮನ ಮಗಳು ಪ್ರತಿಭಾಳ ಮದುವೆ ಹೊಳೆನರಸೀಪುರದ ಛತ್ರದಲ್ಲಿ. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಮುಹೂರ್ತ ಹತ್ತಿರವಾದಾಗ ಸೋದರಮಾವನ ಬದಲು ಅವನ ಫೋನು ಬಂತು.

"ಅಕ್ಕಾ, ಇನ್ನೊಬ್ಬ ಮೇಷ್ಟ್ರು ಜ್ವರ ಬಂದು ಮಲಗಿಬಿಟ್ಟವ್ರೆ. ಮಕ್ಕಳು ಹಾರ್ತಾ ಅವೆ. ಬಿಟ್ಟು ಬರಕ್ಕಾಗಲ್ಲ ಕಣಕ್ಕ."

ಕೊನೆಗೆ ಪಾಪಯ್ಯನೇ ಹುಡುಗಿಯ ಕೈ ಹಿಡಿದ. "ಸ್ವಾದರಮಾವ ಆಕಾಸದಲ್ಲಿ ಅವನಂತೆ, ಅಲ್ಲಿಂದಲೇ ಅಕ್ಸತೆ ಹಾಕ್ತಾನಂತೆ," ಎಂದು ಬೀಗರ ಕಡೆಯವರು ಆಡಿಕೊಂಡು ನಕ್ಕರು. ಸುಬ್ಬಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ವಾರ ಕಳೆದು ಅವನು ಸೀರೆಯ ಪೊಟ್ಟಣ ಹಿಡಿದು ಬಂದ. ಅವಳು ಒಳಗೆ ಬಾ ಅನ್ನಲಿಲ್ಲ. ಹೊಸಿಲಲ್ಲೇ ನಿಂತು, "ನಿಂಗೆ ಆ ಮಕ್ಕಳೇ ಇರ್ಲಿ. ನೀನು ಸತ್ತಾಗ ಅವೇ ಬಂದು ಮಣ್ಣಾಕ್ಲಿ," ಎಂದುಬಿಟ್ಟಳು. ಅವನು ಪೊಟ್ಟಣವನ್ನು ಜಗುಲಿಯ ಮೇಲಿಟ್ಟು ಬಸ್ಸಿಗೆ ಹೋದ. ಆಮೇಲೆ ಬರುತ್ತಿದ್ದುದು ಫೋನು ಮಾತ್ರ. ಚೆನ್ನಾಗಿದೀಯಾ ಅಂದರೆ ಚೆನ್ನಾಗಿದೀನಿ, ಅಲ್ಲಿಗೆ ಮುಗಿಯುತ್ತಿತ್ತು.

ಅಕ್ಕನನ್ನು ಬಿಟ್ಟು ಆ ಮಕ್ಕಳನ್ನು ಹಿಡಿದಿದ್ದ. ಈಗ ಅವರೂ ಬಾರದೆ ಹೋದರೆ ತಮ್ಮ ಯಾರಿಗಾಗಿ ಬದುಕಿದ್ದ ಹಾಗಾಯಿತು? ಅದಕ್ಕೇ ಸುಬ್ಬಮ್ಮ ಚಟ್ಟ ಎತ್ತಲು ಬಿಡಲಿಲ್ಲ.

*

ಪಾಪಯ್ಯ ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಕೇರಿಯ ಬಾಯಿಗೆ ಆಟೋ ಬಂದು ನಿಂತಿತು. ಚೂಡಿದಾರದ ಹೆಂಗಸೊಬ್ಬಳು ಇಳಿದಳು. ನಲವತ್ತರ ಆಸುಪಾಸು. ಕೈಯಲ್ಲಿ ಹಾರವಿಲ್ಲ, ಏನೂ ಇಲ್ಲ. ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ನಿಂತಳು.

"ಶೋಭಿತಾ!" ಎಂದ ನಾಗೇಶ್, ನಂಬಲಾರದವನಂತೆ.

ಸುಬ್ಬಮ್ಮ ಹೋಗಿ ಅವಳ ಮುಂಗೈ ಹಿಡಿದಳು. "ಬಂದ್ಯಾ ನನ್ನವ್ವ! ಅವನ ತಾವ ಕಲ್ತೋಳಾ ನೀನು?"

"ಕಲೀತಿದ್ದೆ ಅಮ್ಮ. ಪೂರ್ತಿ ಆಗ್ಲಿಲ್ಲ. ಒಬ್ಬಳೇ ಹಾರೋಕೆ ಸರ್ ನನ್ನ ಬಿಡಲೇ ಇಲ್ಲ. ಮನೆಗೆ ಕಳಿಸಿಬಿಟ್ರು."

ಸುಬ್ಬಮ್ಮನ ಕೈ ಸಡಿಲವಾಯಿತು. ಇಷ್ಟು ಕಾದದ್ದಕ್ಕೆ ಬಂದವಳು ಅವನೇ ಬೇಡವೆಂದವಳೇ? "ಮತ್ಯಾಕೆ ಬಂದೆ?" ಎಂದು ಒರಟಾಗಿಯೇ ಕೇಳಿದಳು.

ಶೋಭಿತಾ ಚಟ್ಟದ ಪಕ್ಕ ನೆಲದ ಮೇಲೆಯೇ ಕುಳಿತು ಹೇಳತೊಡಗಿದಳು.

*

ಕಲಿಯುವವರು ಮುಂದಿನ ಸೀಟು, ಮೇಷ್ಟ್ರು ಹಿಂದಿನ ಸೀಟು. ಎಡಕ್ಕೆ ತಿರುಗಬೇಕೆಂದರೆ ಮೊದಲು ಕುತ್ತಿಗೆ ಎಷ್ಟು ಹೊರಳುತ್ತದೋ ಅಷ್ಟೂ ಹೊರಳಿಸಿ ನೋಡಬೇಕು. ಯಾರೂ ಇಲ್ಲವೆಂದು ಕಣ್ಣಿಗೆ ಖಾತ್ರಿಯಾದರೆ "ಎಡ ಖಾಲಿ" ಎಂದು ಕೂಗಿ ಹೇಳಬೇಕು. ಆಮೇಲೆ ತಿರುಗಬೇಕು. ಶೋಭಿತಾಳಿಗೆ ಆ ಮಾತು ಎಷ್ಟು ರೂಢಿಯಾಗಿತ್ತೆಂದರೆ, ನೋಡುವ ಮೊದಲೇ ಬಾಯಿಗೆ ಬಂದುಬಿಡುತ್ತಿತ್ತು.

ಅವತ್ತು ಮುಂದೆ ಹದ್ದುಗಳು ಸುತ್ತುತ್ತಿದ್ದವು. ಏರು ತೋರಿಸುವ ಮೀಟರಿನ ಮುಳ್ಳು ಮೇಲೆದ್ದಿತು. ಖುಷಿಯಲ್ಲಿ ಅವಳ ಕಣ್ಣು ಆ ಮುಳ್ಳಿನ ಮೇಲೆಯೇ ಇತ್ತು. "ಎಡ ಖಾಲಿ" ಅಂದಳು, ತಿರುಗಿಸಿದಳು. ವಿಮಾನ ತಿರುಗಿಸುವ ಹಿಡಿ ಅವಳ ಕೈಯಿಂದ ಕಿತ್ತುಕೊಂಡಂತೆ ಬಲಕ್ಕೆ ಹೋಯಿತು. ಹಿಂದಿನ ಸೀಟಿನ ಜೋಡಿ ಹಿಡಿಯಿಂದ ಸರ್ ಎಳೆದಿದ್ದರು. ಎಡಗಡೆಯಲ್ಲಿ ಇನ್ನೊಂದು ಗ್ಲೈಡರಿನ ರೆಕ್ಕೆ, ಮೇಲಿನ ಅಕ್ಷರ ಓದುವಷ್ಟು ಹತ್ತಿರದಲ್ಲಿ, ಸದ್ದಿಲ್ಲದೆ ದಾಟಿ ಹೋಯಿತು. ಅದರಲ್ಲಿದ್ದವನು ಶಶಿಕಿರಣ್. ಒಬ್ಬನೇ ಹಾರಲು ಆಗಷ್ಟೇ ಬಿಟ್ಟಿದ್ದ ಹುಡುಗ. ಅವನು ಬೇರೆ ಕಡೆ ನೋಡುತ್ತಿದ್ದ.

ಇಳಿದ ಮೇಲೆ ಸರ್ ಹುಲ್ಲಿನ ಮೇಲೆ ಕುಳಿತುಬಿಟ್ಟರು. ಬೈಯಲಿಲ್ಲ.

"ಖಾಲಿ ಅಂದ್ಯಲ್ಲ. ನೋಡಿ ಅಂದ್ಯಾ, ಸುಮ್ನೆ ಅಂದ್ಯಾ?"

ತಿಂಗಳುಗಟ್ಟಲೆ ತಿದ್ದಿ ನೋಡಿದರು. ಬಾಯಿಯೇ ಮುಂದೆ ಹೋಗುತ್ತಿತ್ತು, ಕಣ್ಣು ಹಿಂದೆ. ಕೊನೆಗೆ, "ಬೇಡಮ್ಮ, ಬಿಟ್ಬಿಡು," ಎಂದರು.

*

"ಸರ್‌ನ ಎಷ್ಟು ಬೈಕೊಂಡಿದೀನೋ ಅಮ್ಮ," ಎಂದಳು ಶೋಭಿತಾ. "ಹಾರೋದು ಬಿಟ್ಟು ನಂಗೆ ಬೇರೆ ಆಸೆನೇ ಇರಲಿಲ್ಲ. ಈಗ್ಲೂ ಹೊಟ್ಟೆ ಉರೀತದೆ. ಆದ್ರೆ ಇವತ್ತು ಮೆಸೇಜ್ ನೋಡಿ ಕೂರೋಕಾಗ್ಲಿಲ್ಲ. ಉರ್ಕೊಳ್ಳೋಕಾದ್ರೂ ಜೀವ ಇದೆಯಲ್ಲ ನಂಗೆ."

"ಆ ಹುಡುಗನಿಗೆ ಗೊತ್ತಾ?" ಸುಬ್ಬಮ್ಮ ಕೇಳಿದಳು.

"ಸರ್ ಹೇಳೋಕೆ ಬಿಡ್ಲಿಲ್ಲ. ಹೆದರಿದ್ರೆ ಒಂದೇ ಕಡೆ ನೋಡೋಕೆ ಶುರು ಮಾಡ್ತಾನೆ ಅಂದ್ರು."

ಸುಬ್ಬಮ್ಮ ಅವಳ ಹತ್ತಿರಕ್ಕೆ ಸರಿದಳು. "ಅದು ಯಾವತ್ತು ಮಗಾ?"

"ತಾರೀಖು ನೆನಪಿಲ್ಲ ಅಮ್ಮ. ಬೇಸಿಗೆ. ಸರ್ ಒಬ್ಬರೇ ಇದ್ರು ಅನ್ಸತ್ತೆ."

"ಅವತ್ತೇ ಕಣವ್ವಾ! ನನ್ನ ಮಗಳ ಧಾರೆ ದಿವ್ಸ. ಅವತ್ತೇ ಅದು."

ನಾಗೇಶ್ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ಅವತ್ತಲ್ಲ ಎಂದು ಅವನಿಗೆ ಗೊತ್ತಿರಬೇಕು. ಸುಬ್ಬಮ್ಮ ಅದನ್ನು ಕಂಡಳು, ಕೇಳಲಿಲ್ಲ. ಎದ್ದು ಸೆರಗು ಸಿಕ್ಕಿಸಿಕೊಂಡಳು.

"ಎತ್ತು ಪಾಪಣ್ಣ," ಅಂದಳು.

ಗುಂಡಿಯ ಹತ್ತಿರ ಮೊದಲ ಹಿಡಿ ಮಣ್ಣನ್ನು ಶೋಭಿತಾಳ ಕೈಯಿಂದ ಹಾಕಿಸಿದಳು. ಹೆಣ್ಣೆಂಗಸು ಹಾಕೋದುಂಟಾ ಎಂದು ಯಾರೋ ಗೊಣಗಿದರು. ಪಾಪಯ್ಯ ಅವರನ್ನು ದುರುಗುಟ್ಟಿ ನೋಡಿ ಸುಮ್ಮನಾಗಿಸಿದ.

ಮಣ್ಣಿನಿಂದ ಬಂದವರು ಕಾಲು ತೊಳೆದು, ಹೆಣ ಮಲಗಿಸಿದ್ದ ಜಾಗದ ದೀಪ ನೋಡಿ ಒಬ್ಬೊಬ್ಬರೇ ಹೋದರು. ಶೋಭಿತಾಳೂ ಕೊನೆಗೆ ಎದ್ದಳು.

"ಆ ಹುಡುಗ ಈಗ ಎಂಗವ್ನೆ?" ಸುಬ್ಬಮ್ಮ ಮೆಲ್ಲಗೆ ಕೇಳಿದಳು.

ಶೋಭಿತಾ ನಾಗೇಶನ ಮೊಬೈಲು ಈಸಿಕೊಂಡು, ಮುಗಿದ ಕೈಗಳ ನಡುವಿನಿಂದ ಶಶಿಕಿರಣನ ಹೆಸರು ಹುಡುಕಿ, ಅದರ ಫೋಟೋ ದೊಡ್ಡದು ಮಾಡಿಕೊಟ್ಟಳು. ಪೈಲಟ್ ಯೂನಿಫಾರ್ಮಿನ ಗಂಡಸು. ತೊಡೆಯ ಮೇಲೊಂದು ಹೆಣ್ಣುಮಗು. ಕುತ್ತಿಗೆಗೆ ಜೋತುಬಿದ್ದು ನಗುತ್ತಿರುವ ಇನ್ನೊಂದು. ಅದರ ಮುಂದಿನ ಹಲ್ಲು ಬಿದ್ದಿತ್ತು.

ಮೊಬೈಲನ್ನು ಸುಬ್ಬಮ್ಮನ ಕೈಯಲ್ಲೇ ಬಿಟ್ಟು ನಾಗೇಶ್ ಶೋಭಿತಾಳನ್ನು ಕಳಿಸಲು ಹೊರಗೆ ಹೋದ. ಆಟೋ ಹೋದ ಸದ್ದು ಕೇಳಿತು. ಸುಬ್ಬಮ್ಮ ಮೊಬೈಲನ್ನು ತಂದು, ತಮ್ಮನ ತಲೆಯಿದ್ದ ಜಾಗದಲ್ಲಿ ದೀಪಕ್ಕೆ ಒರಗಿಸಿಟ್ಟು, ಮುಂದೆ ಕುಳಿತಳು. ಪರದೆ ಮಂಕಾಯಿತು. ಅವಳು ಬೆರಳ ತುದಿಯಿಂದ ಮುಟ್ಟಿದಳು. ಮಕ್ಕಳು ಬೆಳಗಿದವು. ಮತ್ತೆ ಮಂಕಾಯಿತು, ಮತ್ತೆ ಮುಟ್ಟಿದಳು.